ಎರೆ ಸೀಮೆಯ ರಸ್ತೆ, ಸತ್ತ ಶಾಕಬ್ಸರ್

ಕೊಪ್ಪಳ ಜಿಲ್ಲೆಯಲ್ಲಿ ಗಾಡಿ ಓಡಿಸುವವರಿಗೆ ನೆಲ ಬದಲಾದದ್ದು ಕಣ್ಣಿಗಿಂತ ಮೊದಲು ಸೊಂಟಕ್ಕೆ ಗೊತ್ತಾಗುತ್ತದೆ. ಕುಷ್ಟಗಿ ಕಡೆಯ ಕೆಂಪು ಮಸಾರಿ ಹೊಲಗಳ ನಡುವೆ ಹಾಸಿದ ಡಾಂಬರಿನಲ್ಲಿ ಅಲ್ಲಲ್ಲಿ ತಗ್ಗು ಬಿದ್ದಿದ್ದರೂ ರಸ್ತೆ ಒಟ್ಟಾರೆ ಸಮನಾಗಿ ಕೂತಿರುತ್ತದೆ. ಯಲಬುರ್ಗಾ, ಕುಕನೂರಿನ ಕಪ್ಪು ಎರೆ ಹೊಲಗಳ ಕಡೆ ಹೊರಳಿದಿರೋ, ತಗ್ಗೇ ಇಲ್ಲದ ರಸ್ತೆಯಲ್ಲೂ ಗಾಡಿ ತೂಗಾಡತೊಡಗುತ್ತದೆ. ಈ ಎರೆ ಸೀಮೆಯ ಊರುಗಳಲ್ಲಿ ಒಂದು ಮಂಗಳೂರು. ಹೆಸರು ಕೇಳಿ ಕಡಲು, ಮೀನು ನೆನಪಿಸಿಕೊಳ್ಳಬೇಡಿ. ಇದು ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿದ, ಜೋಳ ಕಡಲೆ ಬೆಳೆಯುವ ನಮ್ಮ ಮಂಗಳೂರು. ಆ ಮಂಗಳೂರಿಗೂ ಈ ಮಂಗಳೂರಿಗೂ ಒಂದು ದಿನದ ದಾರಿ. ಮಣ್ಣಿನ ಗುಣದಲ್ಲಂತೂ ಸಂಬಂಧವೇ ಇಲ್ಲ.

ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚು. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲ ಬಿರಿಯುವ ಹೊಲ ಮಳೆಗಾಲದಲ್ಲಿ ಮುಚ್ಚಿಕೊಳ್ಳುವುದನ್ನು ಇಲ್ಲಿಯ ರೈತರಿಗೆ ಹೇಳಿಕೊಡಬೇಕಿಲ್ಲ. ರಸ್ತೆ ಕಟ್ಟಿದಾಗಲೂ ಕೆಳಗಿರುವುದು ಅದೇ ನೆಲ. ಡಾಂಬರು ಮುಚ್ಚಿದ ನಡುಭಾಗದಲ್ಲಿ ತೇವ ಅಷ್ಟಾಗಿ ಏರಿಳಿಯುವುದಿಲ್ಲ. ಎರಡೂ ಅಂಚುಗಳಲ್ಲಿ ಮಾತ್ರ ಮಳೆ ಬಂದಾಗ ನೀರು ಇಂಗುತ್ತದೆ, ಬಿಸಿಲಿಗೆ ಆರುತ್ತದೆ. ಹಾಗಾಗಿ ಅಂಚು ಒಮ್ಮೆ ಏಳುತ್ತದೆ, ಒಮ್ಮೆ ಕೂರುತ್ತದೆ, ಡಾಂಬರು ಉದ್ದಕ್ಕೆ ಸೀಳುತ್ತದೆ. ಎಡಗಾಲಿ ಏರುವಾಗ ಬಲಗಾಲಿ ಇಳಿಯುತ್ತದೆ. ಹೊಸದಾಗಿ ಹಾಸಿದ ರಸ್ತೆಯೂ ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಹೀಗೇ ಆಗುವುದನ್ನು ಕಂಡವರು ಗುತ್ತಿಗೆದಾರನನ್ನು ಬಯ್ಯುತ್ತಾರೆ. ಬಯ್ಯಲು ಬೇರೆ ಕಾರಣಗಳೂ ಇದ್ದಾವು. ಮಣ್ಣಿನ ಪಾಲು ಮಣ್ಣಿಗೆ ಸಲ್ಲಬೇಕು.

ಇಂಥ ರಸ್ತೆಯಲ್ಲಿ ಒಂದು ಲೆಕ್ಕ ಹಾಕಿ ನೋಡಬಹುದು. ಒಂದು ಉಬ್ಬಿನಿಂದ ಇನ್ನೊಂದು ಉಬ್ಬಿಗೆ 10 ಮೀಟರ್ ಅಂತರವಿದೆ, ಗಾಡಿ ಗಂಟೆಗೆ 45 ಕಿ.ಮೀ. ವೇಗದಲ್ಲಿದೆ ಎಂದುಕೊಳ್ಳಿ. ಸೆಕೆಂಡಿಗೆ 12.5 ಮೀಟರ್ ಆಯಿತು. ಅಂದರೆ ರಸ್ತೆ ಗಾಡಿಯನ್ನು ಸೆಕೆಂಡಿಗೆ ಒಂದೂಕಾಲು ಸಲ ಮೇಲೆತ್ತಿ ಕೆಳಗಿಳಿಸುತ್ತಿದೆ. ಸ್ಪ್ರಿಂಗಿನ ಮೇಲೆ ಕೂತ ಕಾರು, ಜೀಪುಗಳ ಮೈ ತನ್ನಷ್ಟಕ್ಕೆ ತೂಗುವ ಲಯವೂ ಹೆಚ್ಚುಕಡಿಮೆ ಅಷ್ಟೇ, ಸೆಕೆಂಡಿಗೆ ಒಂದರಿಂದ ಎರಡು ಸಲ. ಎರಡು ಲಯಗಳೂ ಕೂಡಿಬಿಟ್ಟರೆ ಪ್ರತಿ ಉಬ್ಬೂ ಹಿಂದಿನ ತೂಗಾಟಕ್ಕೆ ಇನ್ನಷ್ಟು ಕೂಡಿಸುತ್ತ ಹೋಗುತ್ತದೆ. ಕೆಲವು ಡ್ರೈವರುಗಳು ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಗಾಡಿ ಕುಣಿಯುತ್ತದೆ, ಸ್ವಲ್ಪ ಕಡಿಮೆ ಮಾಡಿದರೂ ಸರಿ, ಸ್ವಲ್ಪ ಹೆಚ್ಚು ಮಾಡಿದರೂ ಸರಿ ಎನ್ನುತ್ತಾರಲ್ಲ, ಅದು ಭ್ರಮೆಯಲ್ಲ. ಹೆಚ್ಚು ಮಾಡುವ ದಾರಿ ಹಿಡಿದವರ ಬಗ್ಗೆ ಮುಂದೆ ಹೇಳುತ್ತೇನೆ.

ಜಲ್ಲಿ ಮಣ್ಣಿನ ಹೊಲದ ದಾರಿಗಳಲ್ಲಿ ಇದೇ ಕತೆ ಸಣ್ಣ ಅಳತೆಯಲ್ಲಿ ನಡೆಯುತ್ತದೆ. ಅಲ್ಲಿ ಅಡ್ಡಡ್ಡ ಗೆರೆಗಳು ಎದ್ದು ನೆಲ ಗರಗಸದ ಹಲ್ಲಾಗಿರುತ್ತದೆ. ಗೆರೆಗಳ ನಡುವೆ 70 ಸೆಂಟಿಮೀಟರ್ ಇದ್ದು ಗಾಡಿ 30 ಕಿ.ಮೀ. ವೇಗದಲ್ಲಿದ್ದರೆ ಗಾಲಿಗೆ ಸೆಕೆಂಡಿಗೆ ಸುಮಾರು 12 ಪೆಟ್ಟು. ಈಗ ಮೈ ತೂಗುವುದಿಲ್ಲ; ಗಾಲಿ, ಆಕ್ಸಲ್ ತಾವೇ ನೆಲ ಬಿಟ್ಟು ಜಿಗಿಯತೊಡಗುತ್ತವೆ. ಈ ಗೆರೆಗಳು ಹೇಗೆ ಹುಟ್ಟುತ್ತವೆ ಎಂಬುದನ್ನು 2007ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸ್ಟೀಫನ್ ಮಾರಿಸ್ ಮತ್ತು ಜೊತೆಗಾರರು ಮರಳಿನ ಮೇಲೆ ಗಾಲಿ ಸುತ್ತಿಸಿ ಪರೀಕ್ಷಿಸಿದ್ದರು. ಸ್ಪ್ರಿಂಗ್ ಇಲ್ಲದ ಬರಿ ಗಾಲಿ ಉರುಳಿದರೂ ಒಂದು ವೇಗ ದಾಟಿದ ಮೇಲೆ ಗೆರೆ ಮೂಡಿಯೇ ಮೂಡುತ್ತದೆ ಎಂಬುದು ಅವರು ಕಂಡುಕೊಂಡ ವಿಷಯ. ರಸ್ತೆಯ ಗೆರೆಗೆ ಗಾಡಿಯ ಸ್ಪ್ರಿಂಗನ್ನು ದೂರುವಂತಿಲ್ಲ ಎಂದಾಯಿತು.

ಗಾಡಿಯ ಭಾರ ಹೊರುವುದು ಕಮಾನು ಪಟ್ಟಿ ಅಥವಾ ಸುರುಳಿ ಸ್ಪ್ರಿಂಗ್. ರಸ್ತೆಯ ಪೆಟ್ಟನ್ನು ಮೊದಲು ನುಂಗುವುದೂ ಅದೇ. ಆದರೆ ನುಂಗಿದ್ದನ್ನು ಅದು ಅರಗಿಸಿಕೊಳ್ಳುವುದಿಲ್ಲ, ಹಾಗೇ ವಾಪಸ್ ಕೊಡುತ್ತದೆ. ಒತ್ತಿದ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತದೆ, ಬಿಚ್ಚಿಕೊಂಡದ್ದು ಮತ್ತೆ ಒತ್ತುತ್ತದೆ. ಇದನ್ನು ನಿಲ್ಲಿಸುವವನು ಪಕ್ಕದಲ್ಲಿ ಓರೆಯಾಗಿ ನಿಂತ ಶಾಕಬ್ಸರ್. ಅದರ ಕೊಳವೆಯೊಳಗೆ ಎಣ್ಣೆ ತುಂಬಿರುತ್ತದೆ. ಕಡ್ಡಿಯ ತುದಿಯ ಪಿಸ್ಟನ್ನಿನಲ್ಲಿ ಸಣ್ಣ ತೂತುಗಳು, ತೂತುಗಳ ಮೇಲೆ ತೆಳು ಉಕ್ಕಿನ ವಾಲ್ವುಗಳು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಕೈ ಅದ್ದಿ ಮೆಲ್ಲಗೆ ಆಡಿಸಿದರೆ ನೀರು ದಾರಿ ಬಿಡುತ್ತದೆ, ಜೋರಾಗಿ ಬೀಸಿದರೆ ಎದುರು ನಿಲ್ಲುತ್ತದೆ. ಎಣ್ಣೆಯೂ ಪಿಸ್ಟನ್ನಿಗೆ ಹಾಗೆಯೇ ಮಾಡುತ್ತದೆ. ಗಾಲಿ ನಿಧಾನ ಏರಿಳಿದರೆ ತಡೆ ಕಡಿಮೆ, ರಪ್ಪೆಂದು ಏರಿಳಿದರೆ ತಡೆ ಹೆಚ್ಚು. ಸ್ಪ್ರಿಂಗಿನ ಓಡಾಟವೆಲ್ಲ ಎಣ್ಣೆಯ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು.

ಸಾಮಾನ್ಯವಾಗಿ ಒಳಗೆ ಹೋಗುವಾಗಿನ ತಡೆಗಿಂತ ಹೊರಗೆ ಬರುವಾಗಿನ ತಡೆಯನ್ನು ಎರಡು ಮೂರು ಪಟ್ಟು ಹೆಚ್ಚು ಇಟ್ಟಿರುತ್ತಾರೆ. ಉಬ್ಬು ಬಂದಾಗ ಗಾಲಿ ಬೇಗ ಮೇಲೆ ಹೋಗಲಿ, ಪೆಟ್ಟು ಮೈಗೆ ತಟ್ಟದಿರಲಿ. ಸ್ಪ್ರಿಂಗ್ ಬಿಚ್ಚಿಕೊಳ್ಳುವಾಗ ಮಾತ್ರ ಲಗಾಮು ಇರಲಿ ಎಂಬ ಎಣಿಕೆ. ಹೊಸ ಶಾಕಬ್ಸರನ್ನು ಕೈಯಲ್ಲಿ ಹಿಡಿದು ಅದುಮಿ, ಆಮೇಲೆ ಎಳೆದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಎಳೆಯುವಾಗ ಬೆವರು ಬರಬೇಕು.

ದುಡಿಯುವಾಗ ಎಣ್ಣೆ ಬಿಸಿಯಾಗುವ ಗುಣವನ್ನು ಗ್ಯಾರೇಜಿನವರು ಪರೀಕ್ಷೆಗೂ ಬಳಸುತ್ತಾರೆ. ಕೆಟ್ಟ ರಸ್ತೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ತಂದು, ಸೈಲೆನ್ಸರಿಗೆ ಕೈ ತಾಗದಂತೆ ನಾಲ್ಕೂ ಶಾಕಬ್ಸರುಗಳನ್ನು ಮುಟ್ಟಿ ನೋಡುವುದು. ಮೂರು ಬೆಚ್ಚಗಿದ್ದು ಒಂದು ತಣ್ಣಗಿದ್ದರೆ ಆ ತಣ್ಣಗಿರುವುದು ದುಡಿಯುತ್ತಿಲ್ಲ.

ಹಳೆಯ ಲಾರಿ, ಜೀಪುಗಳು ಶಾಕಬ್ಸರ್ ಸತ್ತರೂ ಹೇಗೋ ನಡೆಯುತ್ತಿದ್ದವು ಎನ್ನುವ ಹಿರಿಯರ ಮಾತಿನಲ್ಲಿ ಸತ್ಯವಿದೆ. ಒಂದರ ಮೇಲೊಂದು ಜೋಡಿಸಿದ ಏಳೆಂಟು ಪಟ್ಟಿಗಳ ಕಮಾನಿನಲ್ಲಿ ಪಟ್ಟಿಗೆ ಪಟ್ಟಿ ಉಜ್ಜುತ್ತದೆ. ಆ ಉಜ್ಜಾಟವೇ ತೂಗಾಟಕ್ಕೆ ಒಂದಿಷ್ಟು ಕಡಿವಾಣ ಹಾಕುತ್ತಿತ್ತು. ಮೊದಮೊದಲ ಶಾಕಬ್ಸರುಗಳಲ್ಲೂ ಎಣ್ಣೆ ಇರಲಿಲ್ಲ. ಫ್ರಾನ್ಸಿನ ಟ್ರುಫೋ ರೂಪಿಸಿದ, ಅಮೆರಿಕದಲ್ಲಿ ಹಾರ್ಟ್‌ಫರ್ಡ್ ಮಾರಿದ ಸಾಧನದಲ್ಲಿ ಒತ್ತಿ ಕಟ್ಟಿದ ಬಿಲ್ಲೆಗಳು ಒಂದಕ್ಕೊಂದು ಉಜ್ಜುತ್ತಿದ್ದವು, ಅಷ್ಟೇ. ಎಣ್ಣೆಯದು ಸಾಮಾನ್ಯ ಕಾರಿಗೆ ಬಂದದ್ದು 1920ರ ದಶಕದ ಕೊನೆಗೆ, ಫೋರ್ಡಿನ ಮಾಡೆಲ್ ಎ ಕಾರಿನಲ್ಲಿ. ನಮ್ಮ ಹಳೆಯ ಅಂಬಾಸಿಡರುಗಳಲ್ಲಿ ಕೊಳವೆಯಾಕಾರದ್ದರ ಬದಲು ತೋಳಿನಂಥ ಸನ್ನೆಯಿಂದ ಆಡುವ ಶಾಕಬ್ಸರ್ ಇರುತ್ತಿತ್ತು. ಅದಕ್ಕೆ ಮುಚ್ಚಳ ತೆಗೆದು ಎಣ್ಣೆ ತುಂಬಿದ ಮಿಸ್ತ್ರಿಗಳು ಈಗಲೂ ಅಲ್ಲಲ್ಲಿ ಇದ್ದಾರೆ. ಭಾರತದಲ್ಲಿ ಗೇಬ್ರಿಯಲ್ ಇಂಡಿಯಾ ಕಂಪನಿ ಹುಟ್ಟಿದ್ದು 1961ರಲ್ಲಿ. ಹೀರೊ ಹೊಂಡಾ ಬೈಕುಗಳಿಗೆ ಶಾಕಬ್ಸರ್ ಒದಗಿಸಿದ ಮುಂಜಾಲ್ ಶೋವಾ ಶುರುವಾದದ್ದು 1985ರಲ್ಲಿ. ಇವೆರಡರ ಹೆಸರು ಕೊಪ್ಪಳದ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಗೂ ಹೊಸದಲ್ಲ.

ಹಳೆಯ ನೆನಪಿನಲ್ಲಿ ಹೊಸ ಗಾಡಿ ಓಡಿಸಿದರೆ ಮಾತ್ರ ಕೆಡುತ್ತದೆ. 2005ರಲ್ಲಿ ಬಂದ ಟಾಟಾ ಏಸ್‌ನ ಮುಂಭಾಗಕ್ಕೆ ಪ್ಯಾರಾಬೋಲಿಕ್ ಪಟ್ಟಿ ಹಾಕಿದರು. ಇದರಲ್ಲಿ ಪಟ್ಟಿಗಳು ಕಡಿಮೆ, ಅವುಗಳ ನಡುವೆ ಸಂದು ಇರುತ್ತದೆ, ಉಜ್ಜಾಟ ಇಲ್ಲವೆನ್ನುವಷ್ಟು ಕಡಿಮೆ. ಸವಾರಿ ಮೆತ್ತಗಾಯಿತು, ತೂಗಾಟ ತಡೆಯುವ ಹೊಣೆ ಪೂರಾ ಶಾಕಬ್ಸರಿನ ಮೇಲೆ ಬಿತ್ತು. ಅದೂ ಸತ್ತರೆ ಹಿಡಿಯುವವರೇ ಇಲ್ಲ.

ಸಾಯುವುದಾದರೂ ಹೇಗೆ? ನಿಧಾನವಾಗಿ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಬ್ರೇಕ್ ಹೋದರೆ ಅವತ್ತೇ ತಿಳಿಯುತ್ತದೆ, ಬ್ಯಾಟರಿ ಹೋದರೆ ಬೆಳಿಗ್ಗೆಯೇ ತಿಳಿಯುತ್ತದೆ. ಶಾಕಬ್ಸರ್ ಹಾಗಲ್ಲ. ರಸ್ತೆ ಮೇಲೆ ಅದು ಕಿಲೋಮೀಟರಿಗೆ ಸಾವಿರದ ಲೆಕ್ಕದಲ್ಲಿ ಸಣ್ಣ ದೊಡ್ಡ ಆಟ ಆಡುತ್ತದೆ. ಒಂದೊಂದು ಆಟಕ್ಕೂ ಎಣ್ಣೆ ಇಷ್ಟಿಷ್ಟೇ ತೆಳುವಾಗುತ್ತದೆ, ಸೀಲಿನ ತುಟಿ ಸವೆಯುತ್ತದೆ, ವಾಲ್ವಿನ ತೆಳು ಉಕ್ಕು ದಣಿಯುತ್ತದೆ. ಡ್ರೈವರನ ಮೈ ಅದೇ ವೇಗದಲ್ಲಿ ಆ ತೂಗಾಟಕ್ಕೆ ಒಗ್ಗಿಕೊಳ್ಳುತ್ತದೆ. ದಿನಾ ಓಡಿಸುವವನಿಗೆ ಗಾಡಿ ನಿನ್ನೆ ಇದ್ದಂತೆಯೇ ಇವತ್ತೂ ಇರುತ್ತದೆ. ವರ್ಷಕ್ಕೊಮ್ಮೆ ಊರಿಗೆ ಬಂದ ಅಳಿಯ ಸ್ಟೇರಿಂಗ್ ಹಿಡಿದಾಗಲೇ "ಏನ್ ಮಾವಾರ, ಗಾಡಿ ಹಿಂಗ್ಯಾಕ ಹೊಳ್ಳಾಡ್ತತಿ" ಎಂಬ ಮಾತು ಬರುವುದು.

ತಯಾರಕರು ಸಾಮಾನ್ಯವಾಗಿ 80,000 ಕಿ.ಮೀ. ಆಸುಪಾಸಿನಲ್ಲಿ ಬದಲಿಸುವ ಮಾತಾಡುತ್ತಾರೆ. ಆ ಲೆಕ್ಕ ಒಳ್ಳೆಯ ರಸ್ತೆಯದು. ಎರೆ ಸೀಮೆಯ ಮಣ್ಣು ಇನ್ನೊಂದು ಬಗೆಯಲ್ಲೂ ಆಯಸ್ಸು ಕಡಿಮೆ ಮಾಡುತ್ತದೆ. ಗಂಗಾವತಿ, ಕಾರಟಗಿ ಕಡೆ ಭತ್ತದ ಗದ್ದೆಯಿಂದ ಟ್ರ್ಯಾಕ್ಟರ್ ಗಾಲಿಗಳು ಹೊತ್ತು ತಂದ ಕೆಸರು ರಸ್ತೆಗೆ ಬೀಳುತ್ತದೆ, ಅಲ್ಲಿಂದ ಎಲ್ಲ ಗಾಡಿಗಳ ಅಡಿಗೆ ಸಿಡಿಯುತ್ತದೆ. ಗಿಣಿಗೇರಿ ಕಡೆ ಕಬ್ಬಿಣದ ಅದಿರಿನ ಕೆಂಪು ಧೂಳು. ಶಾಕಬ್ಸರಿನ ಕಡ್ಡಿಗೆ ಕನ್ನಡಿಯಷ್ಟು ನುಣುಪಾದ ಕ್ರೋಮ್ ಲೇಪ ಇರುತ್ತದೆ. ಮೇಲಿನ ರಬ್ಬರ್ ಟೊಪ್ಪಿಗೆ ಹರಿದಿದ್ದರೆ ಕೆಸರು ಆ ಕಡ್ಡಿಯ ಮೇಲೆ ಒಣಗಿ, ಮುಂದಿನ ತಗ್ಗಿನಲ್ಲಿ ಸೀಲಿನೊಳಕ್ಕೆ ತೂರಿ ಗೀರು ಹಾಕುತ್ತದೆ. ಗೀರು ಬಿದ್ದ ಕಡ್ಡಿ ಸೀಲನ್ನು ಪ್ರತಿ ಸಲವೂ ಕೊರೆಯುತ್ತದೆ. ಅಗ್ಗದ ಒಂದು ರಬ್ಬರಿನ ಉದಾಸೀನಕ್ಕೆ ಇಡೀ ಶಾಕಬ್ಸರ್ ಬಲಿ. ಮಳೆಗಾಲದಲ್ಲಿ ಗಾಡಿ ತೊಳೆಸುವಾಗ ಮೇಲ್ಮೈ ಮಿಂಚಿಸಿ ಅಡಿ ಬಿಡುವವರೇ ಹೆಚ್ಚು. ನನ್ನ ಕೇಳಿದರೆ ಮೇಲ್ಮೈ ಬಿಟ್ಟು ಅಡಿ ತೊಳೆಸಿ ಎನ್ನುತ್ತೇನೆ.

ಗುರುತು ಹಿಡಿಯಲು ಎಲ್ಲರಿಗೂ ಗೊತ್ತಿರುವ ಪರೀಕ್ಷೆ ಒಂದಿದೆ: ಬಾನೆಟ್ಟಿನ ಮೂಲೆ ಒತ್ತಿ ಬಿಡುವುದು. ಮೇಲೆ ಬಂದು ನಿಂತರೆ ಸರಿ, ಎರಡು ಮೂರು ಸಲ ಆಡಿದರೆ ಹೋಗಿದೆ. ಆಲ್ಟೊದಂಥ ಚಿಕ್ಕ ಕಾರಿಗೆ ಇದು ಸರಿ. ಪಿಕಪ್, ಬೊಲೆರೊಗಳ ಹಿಂಭಾಗಕ್ಕೆ ಉಪಯೋಗವಿಲ್ಲ. ಗಟ್ಟಿ ಕಮಾನು ಪಟ್ಟಿಯನ್ನು ಯಾರ ಕೈಯೂ ಅಷ್ಟು ಕೆಳಗೆ ಒತ್ತಲಾರದು. ಅಲ್ಲಿ ಟೈರ್ ನೋಡಬೇಕು. ಟೈರಿನ ಸುತ್ತಳತೆಯುದ್ದಕ್ಕೂ ಅಂಗೈ ಸವರಿದರೆ ಅಲ್ಲಲ್ಲಿ ಬಟ್ಟಲಿನಂತೆ ತಗ್ಗಾಗಿ ಸವೆದಿರುವುದು ಸಿಗುತ್ತದೆ. ಗಾಲಿ ನೆಲ ಬಿಟ್ಟು ಜಿಗಿದು, ಬಿದ್ದ ಕಡೆಯಲ್ಲೇ ಉಜ್ಜಿದ ಗುರುತು ಅದು. ಅಲೈನ್‌ಮೆಂಟ್ ತಪ್ಪಿದ್ದರೆ ಸವೆತ ಒಂದೇ ಅಂಚಿಗೆ ಇರುತ್ತದೆ, ಹೀಗೆ ತುಂಡು ತುಂಡಾಗಿ ಇರುವುದಿಲ್ಲ. ಟೈರ್ ಅಂಗಡಿಯವರು ಇದನ್ನು ನೋಡಿಯೂ ಹೊಸ ಟೈರ್ ಹಾಕಿ ಕಳಿಸಿಬಿಡುವುದುಂಟು. ಹೊಸ ಟೈರ್ ಕೂಡ ಅದೇ ಹಾದಿ ಹಿಡಿಯುತ್ತದೆ.

ಶಾಕಬ್ಸರಿನ ಮೈ ನೋಡುವಾಗಲೂ ವಿವೇಚನೆ ಬೇಕು. ಕಡ್ಡಿಯ ಸುತ್ತ ತೆಳ್ಳಗೆ ಧೂಳು ಅಂಟಿದ ಎಣ್ಣೆಯ ಮಬ್ಬು ಇದ್ದರೆ ಅದು ಸೀಲು ತೊಯ್ದಿರುವ ಗುರುತು, ಹೆದರಬೇಕಿಲ್ಲ. ಎಣ್ಣೆ ಸೋರಿ ಕೆಳಗಿನ ಕಣ್ಣಿಯವರೆಗೂ ಇಳಿದಿದ್ದರೆ ಮುಗಿಯಿತು. ಒಣಗಿರುವ ಶಾಕಬ್ಸರ್ ಕೂಡ ಒಳಗೆ ವಾಲ್ವು ಮುರಿದು ಸತ್ತಿರಬಹುದು ಎಂಬುದನ್ನು ಮರೆಯಬಾರದು. ತಗ್ಗು ದಾಟುವಾಗ ಟಕ್ ಟಕ್ ಸದ್ದು ಬಂದರೆ ಮೊದಲು ಎರಡೂ ತುದಿಯ ರಬ್ಬರ್ ಬುಷ್ ನೋಡಿಸಿ. ಬುಷ್ ಮಾತ್ರ ಬದಲಿಸಿದರೆ ಸಾಕಾಗುವ ಕೆಲಸಕ್ಕೆ ಇಡೀ ಜೋಡಿ ಬದಲಿಸಿ ರೊಕ್ಕ ತೆತ್ತವರಿದ್ದಾರೆ.

ಗಾಡಿಯ ಒಳಗಿರುವವರಿಗೆ ಶಾಕಬ್ಸರ್ ಎಂದರೆ ಸುಖದ ಮಾತು. ಸೊಂಟನೋವು ಇಲ್ಲದಿದ್ದರೆ ಸಾಕು, ಇದ್ದರೂ ತಡೆದುಕೊಳ್ಳೋಣ ಎಂಬ ಲೆಕ್ಕಾಚಾರ. ಎರೆ ರಸ್ತೆಯ ಕುಣಿತ ಸಹಿಸಲಾರದೆ ವೇಗ ಹೆಚ್ಚಿಸಿ ಆ ಲಯ ದಾಟುವವರಿದ್ದಾರೆಂದು ಆಗ ಹೇಳಿದೆನಲ್ಲ, ಅವರಿಗೆ ಮೈ ತೂಗುವುದು ನಿಂತದ್ದಷ್ಟೇ ತಿಳಿಯುತ್ತದೆ. ಕೆಳಗೆ ಗಾಲಿ ನೆಲಕ್ಕೆ ಅಂಟಿದೆಯೋ ಇಲ್ಲವೋ ತಿಳಿಯುವುದಿಲ್ಲ. ಬ್ರೇಕ್ ಎಷ್ಟೇ ಹೊಸದಿರಲಿ, ಗಾಡಿಯನ್ನು ನಿಲ್ಲಿಸುವುದು ನೆಲಕ್ಕೆ ತಾಗಿರುವ ಅಂಗೈಯಗಲದ ರಬ್ಬರ್. ಗಾಲಿ ಗಾಳಿಯಲ್ಲಿರುವ ಅಷ್ಟು ಹೊತ್ತು ಬ್ರೇಕ್ ಇಲ್ಲ, ಸ್ಟೇರಿಂಗೂ ಇಲ್ಲ. ಶಾಕಬ್ಸರ್ ಸತ್ತ ಗಾಡಿಗೆ ನಿಲ್ಲಲು ಹೆಚ್ಚು ದೂರ ಬೇಕಾಗುವುದು ಇದಕ್ಕೇ.

ಯಲಬುರ್ಗಾ ಕಡೆಯ ಒಳರಸ್ತೆಯಲ್ಲಿ 40ರ ವೇಗದಲ್ಲಿ ಈ ಸಾವು ಅಡಗಿಕೊಂಡಿರುತ್ತದೆ. ಗಾಡಿ ಕುಷ್ಟಗಿ ಹತ್ತಿರ ರಾಷ್ಟ್ರೀಯ ಹೆದ್ದಾರಿ 50ಕ್ಕೋ ಕೊಪ್ಪಳದ ಹತ್ತಿರ 67ಕ್ಕೋ ಏರುತ್ತದೆ. ರಸ್ತೆ ನುಣ್ಣಗಿದೆ, ಕಾಲು ತಾನಾಗಿ ಒತ್ತುತ್ತದೆ. ಮುಂದಿನ ಲಾರಿಯನ್ನು ಹಿಂದೆ ಹಾಕಲು ಬಲಕ್ಕೆ ಹೊರಳಿ ಮತ್ತೆ ಎಡಕ್ಕೆ ತಂದಾಗ ಮೈ ಇನ್ನೂ ಬಲಕ್ಕೇ ಒಲೆಯುತ್ತಿರುತ್ತದೆ. ಕ್ರೂಸರಿನ ಮೇಲಿನ ಕ್ಯಾರಿಯರಿನಲ್ಲಿ ಮೂಟೆ ಇದ್ದರಂತೂ, ಅದರ ಜೊತೆ ಜನರೂ ಇದ್ದರಂತೂ, ಆ ಒಲೆತ ಮತ್ತಷ್ಟು. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ, ಹುಣ್ಣಿಮೆಗೆ ಹುಲಿಗಿಯ ಹುಲಿಗೆಮ್ಮ, ಶನಿವಾರಗಳಲ್ಲಿ ಅಂಜನಾದ್ರಿ ಎಂದು ಈ ಸೀಮೆಯ ಕ್ರೂಸರ್, ಟಂಟಂಗಳು ಹೊರುವ ಜನರ ಲೆಕ್ಕ ಆರ್‌ಸಿ ಪುಸ್ತಕದಲ್ಲಿ ಬರೆದ ಸೀಟುಗಳನ್ನು ಕೇಳಿ ನಡೆಯುವುದಿಲ್ಲ. ಓವರ್‌ಲೋಡ್ ತಪ್ಪೆಂದು ಎಲ್ಲರೂ ಬರೆಯುತ್ತಾರೆ, ನಾನೂ ಬರೆದೆ ಎಂದಿಟ್ಟುಕೊಳ್ಳಿ. ಹಿಂದಿನ ಎರಡು ಶಾಕಬ್ಸರ್ ಸತ್ತ ಓವರ್‌ಲೋಡ್ ಗಾಡಿ, ಸರಿಯಿರುವ ಓವರ್‌ಲೋಡ್ ಗಾಡಿ, ಇವೆರಡರ ನಡುವಿನ ವ್ಯತ್ಯಾಸವನ್ನು ಯಾರೂ ಬರೆಯುವುದಿಲ್ಲ.

ಇಲ್ಲೇ ನಮ್ಮ ಕಡೆಯ ಒಂದು ದೊಡ್ಡ ತಪ್ಪು ಮದ್ದು ಬರುತ್ತದೆ. ಗಾಡಿ ಕುಂತು ಹೋಗ್ಯಾವ, ಹೊಳ್ಳಾಡ್ತಾವ ಎಂದೊಡನೆ ಮಾಲೀಕ ಹೋಗುವುದು ಕಮಾನು ಪಟ್ಟಿಯವನ ಹತ್ತಿರ. ಅವನು ಒಂದು ಪಟ್ಟಿ ಹೆಚ್ಚಿಗೆ ಸೇರಿಸುತ್ತಾನೆ. ಗಾಡಿಯ ಹಿಂಭಾಗ ಎತ್ತರವಾಗುತ್ತದೆ, ಲೋಡ್ ಹಾಕಿದರೆ ಮೊದಲಿನಂತೆ ಕುಸಿಯುವುದಿಲ್ಲ, ಮಾಲೀಕನಿಗೆ ಖುಷಿ. ಆದರೆ ಗಟ್ಟಿಯಾದ ಸ್ಪ್ರಿಂಗ್ ಇನ್ನಷ್ಟು ಬಲವಾಗಿ ವಾಪಸ್ ಒದೆಯುತ್ತದೆ. ಮೊದಲಿದ್ದ ಒದೆತಕ್ಕೇ ಸಾಲದ ಹಳೆ ಶಾಕಬ್ಸರ್ ಇದನ್ನು ತಡೆಯುವ ಮಾತೇ ಇಲ್ಲ. ಗಂಗಾವತಿ ಮಾರ್ಕೆಟ್ಟಿಗೆ ಲೋಡ್ ಇಳಿಸಿ ಬರಿಗಾಡಿ ವಾಪಸ್ ಬರುವಾಗ ಹಿಂದಿನ ಗಾಲಿ ನೆಲದಲ್ಲಿರುವುದಕ್ಕಿಂತ ಗಾಳಿಯಲ್ಲಿರುವುದೇ ಹೆಚ್ಚು. ಪಟ್ಟಿ ಭಾರಕ್ಕೆ, ಶಾಕಬ್ಸರ್ ಆಟಕ್ಕೆ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲಾಗದು.

ಬದಲಿಸುವ ಕೆಲಸಕ್ಕೆ ಬರೋಣ. ಕಮಾನು ಪಟ್ಟಿಯ ಹಿಂಭಾಗದಲ್ಲಿ ಇದು ಸರಳ: ಮೇಲೊಂದು ಬೋಲ್ಟು, ಕೆಳಗೊಂದು ಬೋಲ್ಟು. ಹಳೆಯ ಗಾಡಿಯಲ್ಲಿ ಆ ಎರಡು ಬೋಲ್ಟುಗಳೇ ಅರ್ಧ ದಿನ ತಿನ್ನುತ್ತವೆ. ಹಿಂದಿನ ರಾತ್ರಿಯೇ ಮಣ್ಣು ಕೆರೆದು, ತಂತಿ ಬ್ರಷ್ ಆಡಿಸಿ, ತುಕ್ಕು ಬಿಡಿಸುವ ಎಣ್ಣೆ ಹಚ್ಚಿ ನೆನೆಸಿಟ್ಟರೆ ಬೆಳಿಗ್ಗೆ ಪಾನಾ ಕೇಳಿದ ಮಾತು ಕೇಳುತ್ತದೆ. ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಮಲಗಬಾರದು. ಚಾಸಿಗೆ ಸ್ಟ್ಯಾಂಡ್ ಕೊಟ್ಟು, ನೆಲದಲ್ಲಿರುವ ಗಾಲಿಗಳಿಗೆ ಕಲ್ಲು ಕೊಟ್ಟ ಮೇಲೆಯೇ ಒಳಗೆ ಹೋಗಬೇಕು. ಜಾಕನ್ನು ಆಕ್ಸಲ್ ಅಡಿಗೆ ಹಿಡಿಸಿಟ್ಟುಕೊಳ್ಳುವುದೂ ಬೇಕೇ ಬೇಕು. ಎಷ್ಟೋ ಗಾಡಿಗಳಲ್ಲಿ ಆಕ್ಸಲ್ ಎಷ್ಟು ಕೆಳಗೆ ಇಳಿಯಬಹುದೆಂದು ಹಿಡಿದಿರುವುದು ಶಾಕಬ್ಸರೇ. ಅದನ್ನು ಬಿಚ್ಚಿದೊಡನೆ ಆಕ್ಸಲ್ ಜೋತುಬಿದ್ದು ಬ್ರೇಕಿನ ರಬ್ಬರ್ ಕೊಳವೆ ಕಿತ್ತೀತು. ಸುರುಳಿ ಸ್ಪ್ರಿಂಗಿನ ಗಾಡಿಯಾದರೆ ಸ್ಪ್ರಿಂಗ್ ತನ್ನ ಕೂಡುವ ಜಾಗದಿಂದ ಹಾರೀತು.

ಹೊಸದನ್ನು ಹಾಕುವ ಮೊದಲು ನೆಟ್ಟಗೆ ನಿಲ್ಲಿಸಿ ನಾಲ್ಕಾರು ಸಲ ಪೂರ್ತಿ ಒತ್ತಿ ಎಳೆಯಬೇಕು. ಪೆಟ್ಟಿಗೆಯಲ್ಲಿ ಅಡ್ಡ ಮಲಗಿದ್ದಾಗ ಒಳಗಿನ ಕೊಳವೆಗೆ ಗಾಳಿ ಸೇರಿರುತ್ತದೆ. ಒತ್ತಿ ಎಳೆದಾಗ ಅದು ಮೇಲೆ ಬಂದು ಎಣ್ಣೆ ತನ್ನ ಜಾಗಕ್ಕೆ ಹೋಗುತ್ತದೆ. ಮೊದಲೆರಡು ಸಲ ಖಾಲಿ ಖಾಲಿ ಅನ್ನಿಸಿ ಆಮೇಲೆ ಬಿಗಿಯಾದರೆ ಸರಿಹೋಯಿತು. ಇದನ್ನು ಬಿಟ್ಟು ಹಾಕಿದ ಹೊಸ ಶಾಕಬ್ಸರ್ ಮೊದಲ ದಿನವೇ ಸದ್ದು ಮಾಡಿ, ಮಾಲೀಕ ಅಂಗಡಿಯವನ ಮೇಲೆ ಹರಿಹಾಯುತ್ತಾನೆ. ಗ್ಯಾಸ್ ತುಂಬಿದ್ದಾದರೆ ಅದನ್ನು ಒತ್ತಿ ಕಟ್ಟಿರುವ ಪಟ್ಟಿ ಬಿಚ್ಚಿದೊಡನೆ ತಾನಾಗಿ ಉದ್ದವಾಗುತ್ತದೆ, ಮುಖ ದೂರ ಇರಲಿ. ಮೇಲಿನ ನಟ್ಟು ಬಿಗಿಯುವಾಗ ಕಡ್ಡಿ ತಿರುಗಿದರೆ ಅದನ್ನು ಇಕ್ಕಳದಿಂದ ಹಿಡಿಯುವ ಹುಡುಗರನ್ನು ತಕ್ಷಣ ತಡೆಯಿರಿ. ಕ್ರೋಮಿನ ಮೇಲೆ ಇಕ್ಕಳದ ಹಲ್ಲು ಕೂತರೆ ಸೀಲಿನ ಆಯಸ್ಸು ಅವತ್ತೇ ಬರೆದಾಯಿತು.

ಬುಷ್ ಬಿಗಿಯುವಾಗ ಆಗುವ ತಪ್ಪು ಒಳ್ಳೊಳ್ಳೆಯ ಮಿಸ್ತ್ರಿಗಳಿಂದಲೂ ಆಗುತ್ತದೆ. ಗಾಲಿ ಜೋತುಬಿದ್ದಿರುವಾಗಲೇ ಕಣ್ಣಿಯ ಬೋಲ್ಟನ್ನು ಪೂರ್ತಿ ಬಿಗಿದುಬಿಡುತ್ತಾರೆ. ರಬ್ಬರ್ ಆ ಜೋತುಬಿದ್ದ ಕೋನದಲ್ಲೇ ಹಿಡಿದುಕೊಳ್ಳುತ್ತದೆ. ಗಾಡಿ ಕೆಳಗಿಳಿದ ಮೇಲೆ ದಿನವಿಡೀ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬೋಲ್ಟು ಸಡಿಲವಾಗಿ ಕೂರಿಸಿ, ಗಾಡಿಯ ಭಾರ ಗಾಲಿಯ ಮೇಲೆ ಬಂದ ಮೇಲೆ ಕೊನೆಯ ಬಿಗಿತ ಕೊಡಬೇಕು. ಎರಡು ನಿಮಿಷದ ಮಾತು.

ಮಾರುತಿ 800, ಓಮ್ನಿ, ಆಲ್ಟೊಗಳ ಮುಂಭಾಗ ಬೇರೆಯೇ ಕತೆ. ಅಲ್ಲಿರುವುದು ಫೋರ್ಡಿನಲ್ಲಿ ದುಡಿದ ಮ್ಯಾಕ್‌ಫರ್ಸನ್ ಹೆಸರಿನ ಸ್ಟ್ರಟ್. ಶಾಕಬ್ಸರೇ ಗಾಲಿಯನ್ನು ನೆಟ್ಟಗೆ ಹಿಡಿಯುವ ಕಂಬವೂ ಆಗಿದ್ದು, ಸುರುಳಿ ಸ್ಪ್ರಿಂಗ್ ಅದರ ಸುತ್ತಲೇ ಒತ್ತಿ ಕೂತಿರುತ್ತದೆ. ಮೇಲಿನ ನಟ್ಟು ತೆಗೆಯುವ ಮೊದಲು ಸ್ಪ್ರಿಂಗನ್ನು ಹಿಡಿಕೆ ಹಾಕಿ ಒತ್ತಿಡದಿದ್ದರೆ ಅದು ಚಿಮ್ಮುತ್ತದೆ, ಎದುರಿದ್ದವರ ದವಡೆ ಮುರಿಯುವಷ್ಟು ಜೋರಾಗಿ. ಹಗ್ಗ ಕಟ್ಟಿ, ತಂತಿ ಸುತ್ತಿ ಮಾಡುವ ಜಾಣತನ ಇಲ್ಲಿ ಬೇಡ. ಮನೆಯಂಗಳದಲ್ಲಿ ಮಾಡುವ ಕೆಲಸವೂ ಅಲ್ಲ. ಬಿಚ್ಚಿದ ಮೇಲೆ ತುದಿಯ ಬೇರಿಂಗ್, ರಬ್ಬರ್ ಮೌಂಟು, ಒಳಗಿನ ಬಂಪ್ ಸ್ಟಾಪ್ ಒಟ್ಟಿಗೇ ನೋಡಿಬಿಡಬೇಕು. ಅವುಗಳಿಗಾಗಿ ಮತ್ತೊಮ್ಮೆ ಇಷ್ಟನ್ನೂ ಬಿಚ್ಚುವ ಕೂಲಿ ಯಾಕೆ? ಸ್ಟ್ರಟ್ ಬದಲಿಸಿದ ಮೇಲೆ ಅಲೈನ್‌ಮೆಂಟ್ ಕಡ್ಡಾಯ.

ಒಂದು ಹೋಗಿದ್ದರೆ ಒಂದನ್ನೇ ಹಾಕಿಸುವ ಆಸೆ ಸಹಜ. ಹಾಗೆ ಮಾಡಿದರೆ ಒಂದು ಬದಿ ಹಿಡಿಯುತ್ತದೆ, ಇನ್ನೊಂದು ಬಿಡುತ್ತದೆ. ತಗ್ಗಿನಲ್ಲಿ ಬ್ರೇಕ್ ಒತ್ತಿದಾಗ ಗಾಡಿ ಎಳೆಯುತ್ತದೆ. ಒಂದು ಆಕ್ಸಲಿನ ಎರಡೂ ಒಟ್ಟಿಗೆ ಬದಲಾಗಬೇಕು. ಪಿಕಪ್, ಜೀಪುಗಳ ಹಿಂದಿನ ಜೋಡಿ ಸಾಮಾನ್ಯವಾಗಿ ಒಂದು ಹೊಸ ಟೈರಿನ ಬೆಲೆಯೊಳಗೇ ಬರುತ್ತದೆ. ಟೈರಿಗೆ ಚೌಕಾಸಿಯಿಲ್ಲದೆ ಕೊಡುವ ಕೈ ಶಾಕಬ್ಸರಿಗೆ ಯಾಕೆ ಹಿಂದೆಗೆಯುತ್ತದೋ ನನಗೆ ಇನ್ನೂ ಅರ್ಥವಾಗಿಲ್ಲ. ಹಳೆಯದನ್ನು ಕೊಯ್ದು, ಎಣ್ಣೆ ತುಂಬಿ, ಬೆಸುಗೆ ಹಾಕಿ ಬಣ್ಣ ಬಳಿದು ಕೊಡುವ ಕಡೆಗಳೂ ಇವೆ. ಸೀಲು ಹೊಸದು ಬಿದ್ದೀತು, ಸವೆದ ವಾಲ್ವು ಹಳೆಯದೇ. ಬೆಸುಗೆಯ ಬಿಸಿಗೆ ಕೊಳವೆ ಕೂದಲೆಳೆಯಷ್ಟು ಸೊಟ್ಟಗಾದರೂ ಪಿಸ್ಟನ್ ಕಚ್ಚುತ್ತದೆ. ಸಿಗದ ಹಳೆಯ ಮಾಡೆಲ್ಲಿಗೆ ಬೇರೆ ದಾರಿಯಿಲ್ಲದಿದ್ದರೆ ಸರಿ, ಬೊಲೆರೊಗೆ ಯಾಕೆ? ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಒಯ್ದು, ಎಳೆದ ಉದ್ದ, ಒತ್ತಿದ ಉದ್ದ, ಕಣ್ಣಿಯ ಅಗಲ ಹೋಲಿಸಿ ನೋಡುವುದು ಕ್ಷೇಮ. ಒತ್ತಿದ ಉದ್ದ ಜಾಸ್ತಿಯಿರುವ ಶಾಕಬ್ಸರ್ ದೊಡ್ಡ ತಗ್ಗಿನಲ್ಲಿ ತಾನೇ ತಳ ಕಂಡು ಒಡೆಯುತ್ತದೆ.

ಬೈಕಿನವರನ್ನು ಬಿಡುವಂತಿಲ್ಲ, ಈ ಊರುಗಳಲ್ಲಿ ಗೊಬ್ಬರದ ಚೀಲ, ಹಾಲಿನ ಕ್ಯಾನು, ಹೆಂಡತಿ ಮಕ್ಕಳು ಎಲ್ಲರನ್ನೂ ಹೊರುವುದು ಅದೇ. 1994ರಲ್ಲಿ ಬಂದ ಸ್ಪ್ಲೆಂಡರಿನ ಹಳೆ ತಲೆಗಳು ಇನ್ನೂ ಓಡುತ್ತಿವೆ. ಹಿಂದಿನ ಸ್ಪ್ರಿಂಗಿನ ಕೆಳಗಿರುವ ಮೆಟ್ಟಿಲನ್ನು ತಿರುಗಿಸಿ ಗಟ್ಟಿ ಮಾಡಿಸಿಕೊಂಡು ಶಾಕಬ್ಸರ್ ರಿಪೇರಿಯಾಯಿತು ಎಂದುಕೊಳ್ಳುವವರು ಬಹಳ. ಆ ಮೆಟ್ಟಿಲು ಸ್ಪ್ರಿಂಗನ್ನು ಮುಂಚಿತವಾಗಿ ಒತ್ತುತ್ತದೆ, ಎಣ್ಣೆಯ ತಡೆಗೂ ಅದಕ್ಕೂ ನಂಟಿಲ್ಲ. ಮುಂದಿನ ಫೋರ್ಕಿನಲ್ಲೂ ಎಣ್ಣೆ ಇದೆ, ಅದನ್ನೂ ಬದಲಿಸಬೇಕು ಎಂಬುದು ಎಂಜಿನ್ ಆಯಿಲ್ ತಪ್ಪದೆ ಹಾಕಿಸುವವರಿಗೂ ಹೊಳೆಯುವುದಿಲ್ಲ. ಬದಲಿಸುವಾಗ ಎರಡೂ ಕಾಲಿಗೆ ಅಳತೆ ಒಂದೇ ಇರಬೇಕು, ಕಣ್ಣಂದಾಜು ನಡೆಯದು. ಸೀಲು ಸೋರಿ ಆ ಎಣ್ಣೆ ಡಿಸ್ಕ್ ಬ್ರೇಕಿನ ಮೇಲೆ ಹನಿಯತೊಡಗಿದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಗ್ಯಾರೇಜಿಗೆ ತಳ್ಳಿಕೊಂಡು ಹೋಗಿ.

ತೆಗೆದ ಹಳೆಯವು ಗುಜರಿಗೆ ಹೋಗುತ್ತವೆ. ಗ್ಯಾಸ್ ತುಂಬಿದ್ದು ಎಂದು ಬರೆದಿದ್ದರೆ ಗುಜರಿಯವನಿಗೆ ಅದನ್ನು ಬಾಯಿಬಿಟ್ಟು ಹೇಳಿ ಕೊಡಬೇಕು. ಒಳಗಿರುವುದು ಉರಿಯದ ನೈಟ್ರೋಜನ್, ಆದರೆ ಒತ್ತಡದಲ್ಲಿದೆ. ಗ್ಯಾಸ್ ಕಟರ್ ಇಟ್ಟರೆ ಬಿಸಿಗೆ ಸಿಡಿಯುತ್ತದೆ, ಒಳಗಿನ ಎಣ್ಣೆ ಹೊತ್ತಿಕೊಳ್ಳುತ್ತದೆ. ಹೊಸತು ಹಾಕಿದ ಮೊದಲ ವಾರ ಡ್ರೈವರ್ ಬಂದು "ಗಾಡಿ ಭಾಳ ಬಿರಸ ಆಗೇತ್ರಿ, ಮೊದಲ ಮೆತ್ತಗ ಇತ್ತು" ಎಂದು ದೂರುವುದು ಹೆಚ್ಚುಕಡಿಮೆ ಖಚಿತ. ಮೊದಲಿದ್ದದ್ದು ಮೆತ್ತಗೆ ಅಲ್ಲ, ಹಿಡಿತವಿಲ್ಲದ್ದು ಎಂದು ವಾದಿಸಿ ಪ್ರಯೋಜನವಿಲ್ಲ. ಒಂದೈನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟುಗಳಿಗೆ ಇನ್ನೊಮ್ಮೆ ಪಾನಾ ಹಾಕಿಸಿಕೊಂಡು ಬಾ ಎಂದು ಕಳಿಸಿದರೆ ಸಾಕು. ಅಷ್ಟರಲ್ಲಿ ದೂರು ಮರೆತಿರುತ್ತಾನೆ.